ಬೈಗುಳದ ವಾರಸುದಾರ

ಸಾತಲಿಂಗಪ್ಪ ಆ ದಿನ ಮಗಳ ಗುಲಾಬಿ ಬಣ್ಣದ ಸ್ಕೂಟಿಯ ಮೇಲೆಯೇ ಅಕ್ಕಲಕೋಟಕ್ಕೆ ಹೋಗಿಬಂದಿದ್ದರೆ ಸೋಲಾಪುರದ ಪೊಲೀಸರಿಗೂ ನೆಮ್ಮದಿ, ಅವನಿಗೂ ನೆಮ್ಮದಿ, ಇದನ್ನೆಲ್ಲ ಹೇಳುವ ತಾಪತ್ರಯ ನಮಗೂ ಇರುತ್ತಿರಲಿಲ್ಲ. ಆದರೆ ಮಗಳನ್ನು ಕೊಡಬೇಕೆಂದಿರುವ ಮನೆಗೆ ಗುಲಾಬಿ ಸ್ಕೂಟಿಯ ಮೇಲೆ ಹೋಗುವುದು ಹೇಗೆ? ಬೀಗರಾಗಲಿರುವ ಯೋಗಿರಾಜರು ಸಾಮಾನ್ಯರಲ್ಲ. ಅಕ್ಕಲಕೋಟದಲ್ಲಿ ಮಾಳಿಗೆ ಮನೆ, ಚಪಳಗಾಂವದಲ್ಲಿ ಹೊಲ, ಮುಖದ ಮೇಲೆ ಎರಡೂ ಕಿವಿಗಳನ್ನು ಮಾತಾಡಿಸಲು ಹೊರಟಂತಿದ್ದ ಮೀಸೆ. ಸಾತಲಿಂಗಪ್ಪನಾದರೋ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ ಟವೆಲ್ಲು, ಚಾದರ ತಂದು ಮಾರುವ ಸಣ್ಣ ಅಂಗಡಿಕಾರ. ಅವನಿಗೆ ಮೀಸೆಯೂ ಇರಲಿಲ್ಲ. ಬಿಟ್ಟರೆ ಕೆರೆತ ಬರುತ್ತದೆಂದು ಹರೆಯದಿಂದಲೂ ಬೋಳಿಸಿಕೊಂಡೇ ಬಂದಿದ್ದ.

ಹಾಗಾಗಿ ಪಕ್ಕದ ಮನೆಯ ಸಿದ್ರಾಮ ಕಾಕಾನ ಕೈಕಾಲು ಹಿಡಿದು, ಅವನ ಮಗನ ಬುಲೆಟ್ ಕೇಳಿ ತಂದ. ಕೊಡುವಾಗ ಕಾಕಾ ಒಂದೇ ಮಾತು ಹೇಳಿದ್ದ: “ಗೀರು ಬಿದ್ರ ನನ್ನ ಮಗ ನನ್ನ ಮನಿಂದ ಹೊರಗ ಹಾಕ್ತಾನ. ಆಮ್ಯಾಲ ನಾ ನಿನ್ನ ಮನಿಗೇ ಬಂದು ಇರಾಂವ.” ಈ ಎಚ್ಚರಿಕೆಯಿಂದ ಸಾತಲಿಂಗಪ್ಪ ಎಷ್ಟು ಜೋಪಾನವಾಗಿ ಹೋದನೆಂದರೆ, ದಾರಿಯಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ಅವನನ್ನು ಹಿಂದೆ ಹಾಕಿ ಹೋಯಿತು.

ಅಕ್ಕಲಕೋಟದಲ್ಲಿ ಮಾತ್ರ ಬುಲೆಟ್ ತನ್ನ ಕೆಲಸ ಮಾಡಿತು. ಯೋಗಿರಾಜರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೀಟು ತಟ್ಟಿ, “ಭಾರಿ ಗಾಡಿ ಐತ್ರಿ ಬೀಗರ. ನಿಮ್ಮದೇನು?” ಎಂದರು. ಸಾತಲಿಂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಏನೂ ಹೇಳದೆ, ಹೆಗಲ ಮೇಲಿನ ಟವೆಲ್ಲಿನಿಂದ ಅದರ ಪೆಟ್ರೋಲ್ ಟಾಕಿಯನ್ನು ಒರೆಸಿದ. ಒರೆಸುವುದನ್ನು ಸುಳ್ಳು ಎನ್ನಲು ಬರುವುದಿಲ್ಲ. ಚಹಾ ಆಯಿತು, ಚೂಡಾ ಆಯಿತು, ಮಗಳು ಪ್ರಣಿತಾ ಮತ್ತು ಅವರ ಮಗ ಶುಭಂ ಇವರ ಸಾಖರಪುಡಾ, ಅಂದರೆ ನಿಶ್ಚಯದ ಕಾರ್ಯ, ಸೋಲಾಪುರದಲ್ಲಿ ಮುಂದಿನ ತಿಂಗಳು ಎಂದು ಠರಾವಾಯಿತು. ಸಾತಲಿಂಗಪ್ಪ ಎದೆಯುಬ್ಬಿಸಿ ಬುಲೆಟ್ ಏರಿ ಹೊರಟ.

ಸೋಲಾಪುರದ ಅಂಚಿನ ಚೌಕಕ್ಕೆ ಬಂದಾಗ ಕೆಂಪು ದೀಪ ಬಿತ್ತು. ಅವನು ಮುಂದಿನ ಸಾಲಿನಲ್ಲೇ ನಿಂತ. ಎದುರಿಗೆ ಒಬ್ಬ ದಪ್ಪನೆಯ ಹವಾಲದಾರ. ಬುಲೆಟ್ಟಿನ ಸದ್ದು ತಾಳಲಾರದವನಂತೆ ಒಂದು ಕೈಯನ್ನು ಕಿವಿಗೆ ಹಚ್ಚಿಕೊಂಡಿದ್ದ. ಇನ್ನೊಂದು ಕೈಯನ್ನು ಸಾತಲಿಂಗಪ್ಪನ ಮೂಗಿಗೆ ನೇರವಾಗಿ ಚಾಚಿ, ಕಣ್ಣು ಕೆಂಪಗೆ ಮಾಡಿಕೊಂಡು ಒಮ್ಮೆಲೇ ಗುಡುಗಿದ:

“ಏ ಮಂಗ್ಯಾ! ನಾಚಿಕಿ ಐತೇನು ನಿನಗ? ಮಂದಿ ಬುಲೆಟ್ ಮ್ಯಾಲ ಮೆರೀಬೇಕಂತೀ? ಭಿಕಾರಿ! ಧೋತರ ಉಟ್ಟ ಕ್ವಾಣ! ಇನ್ನೊಮ್ಮೆ ಬುಲೆಟ್ ಹೆಸರು ತಗದಿ ಅಂದ್ರ ಮೀಸಿ ಬೋಳಿಸಿ, ಕತ್ತೆ ಮ್ಯಾಲ ಕೂಡಿಸಿ, ಊರೆಲ್ಲಾ ತಿರಗಸ್ತೀನಿ!”

ಮರಾಠಿಯಲ್ಲಿ ಬೈದಿದ್ದರೆ ಸರ್ಕಾರಿ ಬೈಗುಳವೆಂದು ಕಿವಿ ಕೊಡವಿ ಹೋಗಬಹುದಿತ್ತು. ಇದು ಅಪ್ಪಟ ಕನ್ನಡದಲ್ಲಿ, ಮನೆಯವರೇ ಬೈದಂತೆ ಬಂದು ನೇರ ಹೊಟ್ಟೆಗೆ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ಬುಲೆಟ್ ಮಂದಿಯದೆಂದು ಈ ಪುಣ್ಯಾತ್ಮನಿಗೆ ಹೇಗೆ ತಿಳಿಯಿತು? ಸಾತಲಿಂಗಪ್ಪ ಕ್ಲಚ್ ಬಿಟ್ಟ, ಗಾಡಿ ಬಂದ್ ಆಯಿತು, ಹಸಿರು ದೀಪ ಬಿತ್ತು, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ಅವನು ಇಳಿದು, ಆ ಭಾರದ ಗಾಡಿಯನ್ನು ಚೌಕದ ಆಚೆಗೆ ನೂಕಿಕೊಂಡೇ ಹೋದ.

ಮನೆಗೆ ಬಂದವನು ಹೆಂಡತಿ ಇಂದುಬಾಯಿಯ ಮುಂದೆ ನಡೆದದ್ದೆಲ್ಲ ಹೇಳಿದ. ಇಂದುಬಾಯಿ ಸೆರಗು ಬಾಯಿಗೆ ಹಚ್ಚಿಕೊಂಡು ಕೇಳಿದಳು. ಕೇಳಿ ಮುಗಿಸಿ, “ಅಲ್ರಿ, ನಿಮಗ ಮೀಸಿ ಎಲ್ಲೈತಿ?” ಎಂದಳು.

“ಅದನ್ನ ಅವಗ ಕೇಳು!”

“ಧೋತರಾನೂ ಉಟ್ಟಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟ ಹಾಕ್ಕೊಂಡು ಹೋಗೀರಿ. ನಾನೇ ಇಸ್ತ್ರಿ ಮಾಡೀನಿ.”

“ಬೈಯಾವ್ರು ಇಸ್ತ್ರಿ ನೋಡಿ ಬೈತಾರೇನ?” ಎಂದು ಸಾತಲಿಂಗಪ್ಪ ಸಿಡುಕಿದ.

ಬುಲೆಟ್ಟಿಗೆ ಗೀರು ಬಿದ್ದಿದೆಯೇ ಎಂದು ನೋಡಲು ಬಂದಿದ್ದ ಸಿದ್ರಾಮ ಕಾಕಾ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಕಾಕಾ ಕೋರ್ಟಿನಲ್ಲಿ ಪಟ್ಟೇವಾಲಾ, ಅಂದರೆ ಜವಾನ, ಆಗಿದ್ದವನು. ಜಡ್ಜ್ ಸಾಹೇಬರ ಬಾಗಿಲಲ್ಲಿ ಜೀವಮಾನವೆಲ್ಲ ನಿಂತು, ಬಾಗಿಲ ಸಂದಿಯಿಂದ ಹೊರಬಂದ ಕಾಯದೆಯನ್ನೆಲ್ಲ ಹೀರಿಕೊಂಡಿದ್ದ.

“ಇದನ್ನ ಬಿಡಾಂಗಿಲ್ಲ ಸಾತಲಿಂಗಾ! ಪೊಲೀಸ ನಿನ್ನ ನಿಲ್ಲಸಬಹುದು, ದಂಡ ಹಾಕಬಹುದು, ಗುನ್ಹಾ ಮಾಡಿದ್ರ ಒಳಗೂ ಹಾಕಬಹುದು. ಬೈಯಾಂಗಿಲ್ಲ. ಬರೇ ‘ಲೇ’ ಅನ್ನಾಕೂ ಅವಗ ಹಕ್ಕಿಲ್ಲ!”

“ಆದ್ರ ಕಾಕಾ, ಇವರಿಗೆ ಮೀಸಿ ಇಲ್ಲಲ್ಲ?” ಇಂದುಬಾಯಿ ತನ್ನ ಶಂಕೆ ಬಿಡಲಿಲ್ಲ.

“ಹಂಗಾದ್ರ ಗುನ್ಹಾ ಇನ್ನೂ ದೊಡ್ಡದಾತು. ಇಲ್ಲದ ಮೀಸಿ ಬೋಳಸಬೇಕಂದ್ರ ಮೊದಲ ಜುಲುಮಿಲೆ ಬೆಳಸಬೇಕು. ಎರಡು ಗುನ್ಹಾ!” ಎಂದ ಕಾಕಾ.

ಸಂಜೆಯ ಹೊತ್ತಿಗೆ ಗಲ್ಲಿಯಲ್ಲಿ ದೊಡ್ಡ ಚರ್ಚೆ ಎದ್ದಿತು. ಪೊಲೀಸರು ಬೈಯಬಹುದೇ, ಬೈಯಬಾರದೇ? ಬೈಯದಿದ್ದರೆ ಟ್ರಾಫಿಕ್ ಸರಿಯುವುದು ಹೇಗೆ ಎಂದರು ಕೆಲವರು. ಬೈಯಲಿ, ಆದರೆ ‘ರಿ’ ಹಚ್ಚಿ ಬೈಯಲಿ ಎಂದರು ಇನ್ನು ಕೆಲವರು. ಎದುರುಮನೆಯ ಮುದುಕಿ ಲಕ್ಷ್ಮೀಬಾಯಿ ಮಾತ್ರ, “ನಮ್ಮ ಮನಿಯವರು ಟಾಂಗಾ ಹೊಡೀತಿದ್ರು. ಪೊಲೀಸರು ಬೈದ ದಿನ ಮನಿಗೆ ಬಂದು ನನಗ ಬೈತಿರಲಿಲ್ಲ. ಸುಮ್ಮ ಉಂಡು ಮಲಗತಿದ್ರು. ಪೊಲೀಸರದ್ದು ಭಾಳ ಉಪಕಾರ ಆಗೇತಿ ನನಗ,” ಎಂದು ಕಣ್ಣೊರೆಸಿಕೊಂಡಳು.

ಸಾತಲಿಂಗಪ್ಪನಿಗೆ ಒಂದು ವಿಚಿತ್ರ ಅನುಭವವಾಗತೊಡಗಿತು. ಈವರೆಗೆ ಗಲ್ಲಿಯಲ್ಲಿ ಅವನನ್ನು ಯಾರೂ ನಿಲ್ಲಿಸಿ ಮಾತಾಡಿಸಿದವರಲ್ಲ. ಈಗ ಚಹಾದಂಗಡಿಯವನು, ಇಸ್ತ್ರಿಯವನು, ಹಾಲಿನವನು, ಎಲ್ಲರೂ “ಏನಂದ ಅಂವ? ಇನ್ನೊಮ್ಮೆ ಹೇಳ್ರಿ” ಎನ್ನುವವರೇ. ಒಂದು ವಾರದಲ್ಲಿ ಬೈಗುಳ ಗಲ್ಲಿಗೆಲ್ಲ ಬಾಯಿಪಾಠವಾಯಿತು. ಅಂಗಡಿಯಲ್ಲಿ ಗಿರಾಕಿಗಳು ಟವೆಲ್ಲು ಬಿಚ್ಚಿಸಿ ನೋಡುತ್ತ, ಬೈಗುಳ ಪೂರ್ತಿ ಕೇಳಿ, ಟವೆಲ್ಲು ಅಲ್ಲೇ ಬಿಟ್ಟು ಹೋಗುತ್ತಿದ್ದರು. ವ್ಯಾಪಾರ ಇಳಿಯಿತು, ಮಾನ ಏರಿತು.

ಆದರೂ ಠಾಣೆ ಎಂದಕೂಡಲೇ ಅವನು ಮಾತು ತಿರುಗಿಸುತ್ತಿದ್ದ. ತಕ್ರಾರು ಕೊಟ್ಟರೆ ಗಾಡಿ ಯಾರದು ಎಂದು ಕೇಳುತ್ತಾರೆ. ಗಾಡಿ ಯಾರದೆಂದು ಹೊರಬಿದ್ದರೆ ಬೀಗರ ಮುಂದೆ ಮರ್ಯಾದೆ ಮೂರಾಬಟ್ಟೆ. “ದೇವರು ನೋಡ್ಕೋತಾನ ಬಿಡು ಕಾಕಾ” ಎಂದು ದೇವರ ತಲೆಗೆ ಕಟ್ಟಿ ಸುಮ್ಮನಾಗುವವನಿದ್ದ. ಅಷ್ಟರಲ್ಲಿ ಪ್ರಣಿತಾ ಫೋನಿನಲ್ಲಿ ಶುಭಂನಿಗೆ ಹೇಳಿದಳು, ಶುಭಂ ಮನೆಯಲ್ಲಿ ಹೇಳಿದ, ಮರುಗಳಿಗೆ ಯೋಗಿರಾಜರ ಫೋನ್ ಬಂತು.

“ಬೀಗರ! ಯಾವನೋ ಪೊಲೀಸ ನಿಮಗ ಬೈದನಂತ? ನಿಮಗ ಬೈದ್ರ ನನಗ ಬೈದಂಗ! ನಾಳೆ ಮನಿಯವರನ್ನ ಕರಕೊಂಡು ಬರ್ತೀನಿ. ನೆಟ್ಟಗ ಠಾಣಾಕ್ಕ ಹೋಗೂಣು.”

“ಅಯ್ಯ, ಹೋಗ್ಲಿ ಬಿಡ್ರಿ, ಅಷ್ಟೇನಿಲ್ಲ…”

“ಬಿಡ್ರಿ ಅಂದ್ರ? ಬೈಸಿಕೊಂಡು ಮೂಲ್ಯಾಗ ಕೂಡೂ ಮನಿತನದ ಸಂಗಾಟ ನಾವು ಸಂಬಂಧ ಬೆಳಸಾಂಗಿಲ್ಲ ನೋಡ್ರಿ, ಮೊದಲ ಹೇಳಿಬಿಡ್ತೀನಿ!”

ಪ್ರಣಿತಾ ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು. ಅವಳೂ ಶುಭಂನೂ ಕಾಲೇಜಿನಿಂದ ಪರಿಚಯದವರು. ಎರಡೂ ಮನೆಯ ಹಿರಿಯರು ತಾವೇ ಸಂಬಂಧ ಹುಡುಕಿದೆವೆಂದು ತಿಳಿದುಕೊಳ್ಳುವ ಹಾಗೆ ಇಬ್ಬರೂ ಎಷ್ಟೋ ಕಷ್ಟಪಟ್ಟಿದ್ದರು. “ಪಪ್ಪಾ,” ಎಂದಳು ಮೆಲ್ಲಗೆ, “ಇದು ಮುರದ್ರ ನಾ ಮತ್ತೊಂದು ಹುಡುಗನ್ನ ನೋಡಂಗಿಲ್ಲ.” ಸಾತಲಿಂಗಪ್ಪ ಫೋನಿಗೆ, “ಆತ್ರಿ ಬೀಗರ, ಬರ್ರಿ” ಎಂದ.

ಮರುದಿನ ಠಾಣೆಗೆ ಹೋದದ್ದು ಮೆರವಣಿಗೆಯೇ. ಮುಂದೆ ಗರಿಗರಿ ಧೋತರ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿ ಯೋಗಿರಾಜರು. ಪಕ್ಕದಲ್ಲಿ ಅವರ ಹೆಂಡತಿ ಅಕ್ಕನಾಗಮ್ಮ. ಹಿಂದೆ ಕುರಿಯಂತೆ ಸಾತಲಿಂಗಪ್ಪ, ಇಂದುಬಾಯಿ, ಪ್ರಣಿತಾ, ಸಿದ್ರಾಮ ಕಾಕಾ, ಸಾಕ್ಷಿಗೆ ಇರಲೆಂದು ಗಲ್ಲಿಯ ಅರ್ಧ ಮಂದಿ. ಇವರಲ್ಲಿ ಒಬ್ಬರೂ ಆ ದಿನ ಚೌಕದಲ್ಲಿ ಇರಲಿಲ್ಲ ಎನ್ನುವುದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಠಾಣೆಯ ಫೌಜದಾರರು, ಅಂದರೆ ಸಬ್ ಇನ್‌ಸ್ಪೆಕ್ಟರ್, ಉಜ್ವಲಾ ಮೇಡಂ. ಹುಲಜಂತಿ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. ಇಷ್ಟು ಮಂದಿಯನ್ನು ಕಂಡು ಮೋರ್ಚಾ ಬಂತೆಂದು ಮೊದಲು ಟೋಪಿ ಹುಡುಕಿದರು.

“ಪೊಲೀಸರು ಮಂದಿಗೆ ಬೈಬಹುದೇನ್ರಿ ಮೇಡಂ?” ಯೋಗಿರಾಜರು ಟೇಬಲ್ಲು ಗುದ್ದಿದರು. “ಎಲ್ಲೈತಿ ಅಂಥಾ ಕಾಯದಾ, ತೋರಸ್ರಿ! ನನ್ನ ಹೇಂತಿ ಅಣ್ಣನೂ ಇದೇ ಸೋಲಾಪುರದಾಗ ಹವಾಲದಾರ ಅದಾನ. ಅವನ ಬಾಯಾಗಿಂದ ಒಂದ ಕೆಟ್ಟ ಶಬ್ದ ಕೇಳಿಲ್ಲ ನಾ!”

ಅಕ್ಕನಾಗಮ್ಮ ಗಂಡನ ಕಡೆ ತಿರುಗಿ, “ಯಾವಾಗಿಂದ್ರಿ?” ಎಂದು ಸಣ್ಣಗೆ ಕೇಳಿದರು.

“ಬೈಯಾಂಗಿಲ್ಲ,” ಎಂದರು ಮೇಡಂ. “ಯಾರಿಗೂ ಬೈಯಾಂಗಿಲ್ಲ. ಬೈದಿದ್ದು ಖರೇ ಇದ್ರ ನಾ ಅವನ್ನ ಬಿಡಾಂಗಿಲ್ಲ. ಏನಂದ, ಶಬ್ದಾ ಶಬ್ದ ಹೇಳ್ರಿ. ಒಂದೂ ಬಿಡಬ್ಯಾಡ್ರಿ.”

ಸಾತಲಿಂಗಪ್ಪ ಹಿಂದೆ ನಿಂತ ಹೆಂಗಸರ ಕಡೆ ನೋಡಿದ. ವಾರದಿಂದ ಊರಿಗೆಲ್ಲ ಹೇಳಿದ ಬೈಗುಳ ಈಗ, ಬೇಕಾದಾಗ, ತುಂಡು ತುಂಡಾಗಿ ಬಂತು. “ಅದು… ಹೆಣ್ಣಮಕ್ಕಳ ಮುಂದ ಹೆಂಗ್ರಿ… ಮೊದಲ, ಏ ಮಂಗ್ಯಾ ಅಂದ್ರಿ.”

“ಛೀ ಛೀ!” ಎಂದರು ಯೋಗಿರಾಜರು. “ಬೀಗರಿಗೆ ಮಂಗ್ಯಾ ಅಂತಾನ! ಬರಕೋರಿ ಮೇಡಂ!”

“ಆಮ್ಯಾಲ… ನಾಚಿಕಿ ಐತೇನು ನಿನಗ ಅಂದ್ರಿ.”

“ಮಂದಿ ಬುಲೆಟ್ ಮ್ಯಾಲ ಮೆರೀಬೇಕಂತೀ?” ಗಲ್ಲಿಯ ಮಂದಿ ಹಿಂದಿನಿಂದ ಒಂದೇ ದನಿಯಲ್ಲಿ ನೆನಪು ಮಾಡಿಕೊಟ್ಟರು.

ಟೇಬಲ್ ಗುದ್ದಲು ಎತ್ತಿದ್ದ ಯೋಗಿರಾಜರ ಕೈ ಅಲ್ಲೇ ನಿಂತಿತು. ಎಲ್ಲೋ ಕೇಳಿದ ಹಾಗಿದೆಯಲ್ಲ?

“ಭಿಕಾರಿ ಅಂದ್ರಿ. ಧೋತರ ಉಟ್ಟ ಕ್ವಾಣ ಅಂದ್ರಿ.”

ಯೋಗಿರಾಜರು ಕೈಯನ್ನು ಮೆಲ್ಲಗೆ ಇಳಿಸಿ ಧೋತರದ ಮಡಿಕೆ ಮುಚ್ಚಿಕೊಂಡರು. “ಸಾಕು ಬಿಡ್ರಿ ಬೀಗರ. ಪಾಪ, ಬಿಸಲಾಗ ನಿಂತಾಂವ, ತಲಿ ಕೆಟ್ಟಿರತೈತಿ. ದೊಡ್ಡ ಮನಸು ಮಾಡಿ ಬಿಟ್ಟಬಿಡೂಣು.”

“ಈಗ ನೀವೇ ಅಂದ್ರಿ, ಬರಕೋರಿ ಅಂತ?” ಎಂದರು ಮೇಡಂ. “ಮುಂದ?”

“ಮುಂದ ಮೀಸಿ,” ಎಂದ ಸಾತಲಿಂಗಪ್ಪ.

“ಮೀಸಿ ಬೋಳಿಸಿ, ಕತ್ತೆ ಮ್ಯಾಲ ಕೂಡಿಸಿ, ಊರೆಲ್ಲಾ ತಿರಗಸ್ತೀನಿ!” ಗಲ್ಲಿ ಪೂರ್ತಿ ಕೂಗಿತು. ಅದರಲ್ಲಿ ಲಕ್ಷ್ಮೀಬಾಯಿಯ ದನಿ ಎಲ್ಲಕ್ಕಿಂತ ಮೇಲಿತ್ತು.

ಉಜ್ವಲಾ ಮೇಡಂ ಸಾತಲಿಂಗಪ್ಪನ ನುಣ್ಣನೆಯ ತುಟಿ ನೋಡಿದರು. ಅವನ ಪ್ಯಾಂಟು ನೋಡಿದರು. ಅಲ್ಲಿಂದ ಅವರ ದೃಷ್ಟಿ ಠಾಣೆಯಲ್ಲೆಲ್ಲ ಅಡ್ಡಾಡಿ, ಧೋತರವೂ ಮೀಸೆಯೂ ಒಟ್ಟಿಗೆ ಸಿಕ್ಕ ಒಂದೇ ಕಡೆ ಬಂದು ನಿಂತಿತು. ಯೋಗಿರಾಜರಿಗೆ ಆಗ ಜೋರು ನೆಗಡಿ ಬಂದು, ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡರು.

“ಆ ದಿನ ಆ ಚೌಕದಾಗ ಯಾರ ಡ್ಯೂಟಿ ಇತ್ತು? ಕರೀರಿ ಅವನ್ನ,” ಎಂದರು ಮೇಡಂ.

ಒಳಗೆ ಬಂದ ಹವಾಲದಾರ ಮಲ್ಲಿನಾಥ ಸೆಲ್ಯೂಟಿಗೆಂದು ಎತ್ತಿದ ಕೈಯನ್ನು ಹಣೆಯವರೆಗೂ ಒಯ್ಯಲಿಲ್ಲ. “ತಂಗೀ? ನೀ ಯಾಕ ಬಂದಿ ಠಾಣಾಕ್ಕ?”

“ಅಣ್ಣಾ!” ಎಂದರು ಅಕ್ಕನಾಗಮ್ಮ. “ನಮ್ಮ ಬೀಗರಿಗೆ ಬೈದಾಂವ ನೀನಾ?”

“ಬೀಗರಿಗೆ? ಯಾವ ಬೀಗರು? ಇವರನ್ನ ನಾ ಹುಟ್ಟಿದಾಗಿಂದ ನೋಡಿಲ್ಲ!”

“ನನ್ನ ಮೂಗಿಗೆ ಕೈ ಮಾಡಿ ಬೈದ್ರಲ್ರಿ!” ಸಾತಲಿಂಗಪ್ಪನಿಗೆ ಅಳು ಬರುವುದೊಂದು ಬಾಕಿ. ವಾರದಿಂದ ಹೊತ್ತು ತಿರುಗಿದ ಬೈಗುಳ ತನ್ನದಲ್ಲವೆಂದರೆ ಯಾರಿಗೆ ದುಃಖವಾಗುವುದಿಲ್ಲ?

“ಕೈ ಗಾಡಿಗಳಿಗ್ರಿ ಸಾವಕಾರ್ರ, ನಿಲ್ರಿ ಅಂತ. ಬಾಯಿ ಫೋನಿಗೆ.” ಮಲ್ಲಿನಾಥ ಕಿಸೆಯಿಂದ ಕಿವಿಗೆ ಸಿಕ್ಕಿಸುವ ಪುಟ್ಟ ಬಿಳಿ ಗುಂಡಿ ತೆಗೆದು ಟೇಬಲ್ಲಿನ ಮೇಲಿಟ್ಟ. “ಮಗ ಕೊಡಸ್ಯಾನ್ರಿ ಮೇಡಂ. ಇದರಾಗ ಮಾತಾಡಾಕತ್ತಿದ್ದೆ.”

“ಡ್ಯೂಟಿ ಮ್ಯಾಲ ಫೋನು, ಅದರಾಗ ಬೈಗುಳ. ಎರಡರದ್ದೂ ಲೆಕ್ಕ ಆಮ್ಯಾಲ ಮಾಡ್ತೀನಿ,” ಎಂದರು ಮೇಡಂ. “ಯಾರಿಗೆ ಬೈಯಾಕತ್ತಿದ್ದಿ?”

“ಒಬ್ಬ ಮನಿ ಮನಷ್ಯಾಗ್ರಿ. ಹೆಣ್ಣಿನವರು ಯಾರೋ ಬುಲೆಟ್ ಮ್ಯಾಲ ಮನಿಗೆ ಬಂದಿದ್ರಂತ. ಅವರು ಹೋಗಿ ಎರಡು ತಾಸಾಗಿಲ್ಲ, ನನಗ ಫೋನ್ ಮಾಡಿ, ನಮ್ಮ ಹುಡುಗಗೂ ಒಂದು ಬುಲೆಟ್ ಕೇಳೂಣೇನು, ಕೇಳೂಣೇನು ಅಂತ ಕುಣ್ಯಾಕತ್ತಿದ್ದ. ನನಗ ಸಿಟ್ಟು ಬಂತ್ರಿ. ನಮ್ಮ ಮನಿತನದಾಗ ಯಾರೂ ಹೆಣ್ಣಿನವರ ಮುಂದ ಕೈ ಒಡ್ಡಿಲ್ಲ.”

“ಅದು ಬೈಗುಳಕ್ಕಿಂತ ದೊಡ್ಡ ಗುನ್ಹಾ.” ಮೇಡಂ ಪೆನ್ನು ಕೈಗೆ ತೆಗೆದುಕೊಂಡರು. “ಹೆಸರು ಹೇಳು. ಅವನನ್ನೂ ಇಲ್ಲೇ ಕೂಡಸ್ತೀನಿ.”

ಮಲ್ಲಿನಾಥ ತಂಗಿಯನ್ನು ನೋಡಿದ. ತಂಗಿ ಗಂಡನನ್ನು ನೋಡಿದರು. ಟವೆಲ್ಲಿನ ಮೇಲಿಂದ ಕಾಣುತ್ತಿದ್ದ ಯೋಗಿರಾಜರ ಎರಡು ಕಣ್ಣು ಸಾತಲಿಂಗಪ್ಪನನ್ನು ನೋಡಿದವು. ಸಾತಲಿಂಗಪ್ಪನ ಬುದ್ಧಿ ಅವನು ಓಡಿಸಿದ ಬುಲೆಟ್ಟಿನಷ್ಟೇ ನಿಧಾನ, ಆದರೂ ಅದೂ ಈ ಹೊತ್ತಿಗೆ ಊರು ಮುಟ್ಟಿತು. ಹೆಸರು ಬಂದರೆ ಬೀಗರು ಒಳಗೆ, ಸಂಬಂಧ ಹೊರಗೆ. ಪ್ರಣಿತಾ ಓಡಣಿಯ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ, ಬೆರಳು ನೀಲಿಯಾಗಿತ್ತು. ಅದು ಅಪ್ಪನ ಕಣ್ಣಿಗೆ ಬಿತ್ತು.

“ನನಗೇ ಬೈದಾರ್ರಿ ಮೇಡಂ,” ಎಂದ ಸಾತಲಿಂಗಪ್ಪ.

“ಏನಂದ್ರಿ?”

“ಆ ಬೈಗುಳ ನಂದೇ ರಿ. ಹವಾಲದಾರ್ರು ಸುಮ್ಮ ಏನೇನೋ ಹೇಳಾಕತ್ಯಾರ. ಫೋನೂ ಇಲ್ಲ, ಮನಿ ಮನಷ್ಯಾನೂ ಇಲ್ಲ. ನನಗೇ ಬೈದಾರ, ನಾ ಮಾಫ್ ಮಾಡೀನಿ. ತಕ್ರಾರು ವಾಪಸ್.”

ಗಲ್ಲಿಯ ಮಂದಿ ನಿಟ್ಟುಸಿರಿಟ್ಟರು. ಉಜ್ವಲಾ ಮೇಡಂ ಮಾತ್ರ ಕುರ್ಚಿಗೆ ಒರಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮಂದಿ ಬುಲೆಟ್ ಅಂದಾನ. ಬುಲೆಟ್ ನಿಮ್ಮದಲ್ಲೇನು?”

ಸಾತಲಿಂಗಪ್ಪ ಒಮ್ಮೆ ಕಣ್ಣು ಮುಚ್ಚಿ ತೆರೆದ. “ನಂದಲ್ರಿ. ಸಿದ್ರಾಮ ಕಾಕಾನ ಮಗಂದ್ರಿ. ಬೀಗರ ಮುಂದ ಮೆರ‍್ಯಾಕ ಕೇಳಿ ಒಯ್ದಿದ್ದೆ. ಸ್ಕೂಟಿನೂ ನಂದಲ್ರಿ, ಮಗಳದು.”

“ಧೋತರ ಅಂದಾನ.”

“ಉಡ್ತೀನ್ರಿ ಮೇಡಂ.”

“ಮೀಸಿ ಅಂದಾನ.”

“ಬೆಳಸ್ತೀನ್ರಿ ಮೇಡಂ!”

ಮೇಡಂ ಪೆನ್ನು ಇಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಕೆಮ್ಮಿದರು. ಕೆಮ್ಮು ಮುಗಿದ ಮೇಲೆ ಗಂಭೀರವಾಗಿ, “ಮಲ್ಲಿನಾಥ, ಕ್ಷಮಾ ಕೇಳು. ಇನ್ನ ಮುಂದ ಚೌಕದಾಗ ನಿಂತು ಯಾರಿಗೂ ಬೈಯಾಂಗಿಲ್ಲ, ಮಂದಿಗೂ ಇಲ್ಲ, ಮನಿ ಮನಷ್ಯಾಗೂ ಇಲ್ಲ. ಆ ಗುಂಡಿ ಇಲ್ಲೇ ಇರಲಿ,” ಎಂದರು.

ಮಲ್ಲಿನಾಥ ಕೈಮುಗಿದ. “ತಪ್ಪಾತು, ಮಾಫ್ ಮಾಡ್ರಿ” ಎಂದ. ಕೈ ಸಾತಲಿಂಗಪ್ಪನ ಕಡೆಗಿತ್ತು, ಕಣ್ಣು ತಂಗಿಯ ಗಂಡನ ಮೇಲಿತ್ತು.

“ಆದ್ರ ಒಂದು ಮಾತು,” ಎಂದು ಮೇಡಂ ಎದ್ದು ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು. “ಈ ಲಗ್ನದಾಗ ಯಾರರೆ ಬುಲೆಟ್ ಅಂದದ್ದು ನನ್ನ ಕಿವಿಗೆ ಬಿತ್ತು ಅಂದ್ರ, ನಾ ಬೈಯಾಂಗಿಲ್ಲ. ಸೀದಾ ಬಂದು ಕರಕೊಂಡು ಹೋಗ್ತೀನಿ.”

ಠಾಣೆಯ ಮೆಟ್ಟಿಲು ಇಳಿಯುವಾಗ ಯೋಗಿರಾಜರಿಗೆ ನೆಗಡಿ ವಾಸಿಯಾಗಿ ಬಾಯಿ ಬಂತು. “ಬೀಗರ, ನಮ್ಮ ಶುಭಂ ಎಸ್‌ಟಿ ಬಸ್ಸಿನ್ಯಾಗೇ ಅಡ್ಡಾಡ್ತಾನ್ರಿ. ಬಸ್ಸು ಭಾಳ ಚಲೋ. ಗಾಳಿ ಬರತೈತಿ,” ಎಂದರು.

“ಹೌದ್ರಿ, ಗಾಳಿ ಬರತೈತ್ರಿ,” ಎಂದ ಸಾತಲಿಂಗಪ್ಪ.

ಅಕ್ಕನಾಗಮ್ಮ ಗಂಡನ ತೋಳು ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಕಡೆಗೆ ನಡೆದರು. ಆ ದಿನ ಅಕ್ಕಲಕೋಟದ ಮನೆಯಲ್ಲಿ ಅವರು ಏನೇನು ಮಾತಾಡಿದರೋ ನಮಗೆ ತಿಳಿಯದು. ಅವರು ಪೊಲೀಸರಲ್ಲವಾದ್ದರಿಂದ ಯಾವ ಕಾಯದೆಯೂ ಅವರ ಬಾಯಿಗೆ ಅಡ್ಡ ಬರುವಂತಿರಲಿಲ್ಲ.

ಸಾಖರಪುಡಾ ಗಲ್ಲಿಯಲ್ಲೇ ಪೆಂಡಾಲ್ ಹಾಕಿ ನಡೆಯಿತು. ಗಂಡಿನವರು ಎಸ್‌ಟಿ ಬಸ್ಸಿನಲ್ಲೇ ಬಂದಿಳಿದರು. ಸಕ್ಕರೆ ಪುಡಿಕೆ ಕೈ ಬದಲಾಯಿತು, ಪ್ರಣಿತಾ ಮತ್ತು ಶುಭಂ ಈಗಷ್ಟೇ ಪರಿಚಯವಾದವರಂತೆ ನಾಚಿಕೊಂಡರು. ಹುಡುಗನ ಸೋದರಮಾವನೆಂದು ಮಲ್ಲಿನಾಥನನ್ನು ಮುಂದಿನ ಸಾಲಿನಲ್ಲೇ ಕೂಡಿಸಿದ್ದರು. ಇಂದುಬಾಯಿ ಅವನಿಗೆ ಪುರಣಪೋಳಿಯ ಮೇಲೆ ತುಪ್ಪ ಸುರಿದಳು, ಸಾಕು ಎಂದರೂ ಸುರಿದಳು. ಬೀಗರನ್ನು ಹಾಡಿನಲ್ಲಿ ಬೈಯುವ ಪದ್ಧತಿಯ ಹೊತ್ತು ಬಂದಾಗ, ಲಕ್ಷ್ಮೀಬಾಯಿ ಗಲ್ಲಿಗೆಲ್ಲ ಬಾಯಿಪಾಠವಾಗಿದ್ದ ಆ ಬೈಗುಳವನ್ನೇ ರಾಗ ಕಟ್ಟಿ ಹಾಡಿದಳು. ಧೋತರವೂ ಬಂತು, ಕ್ವಾಣವೂ ಬಂತು, ಬುಲೆಟ್ ಒಂದನ್ನು ಮಾತ್ರ ಜಾಣತನದಿಂದ ಬಿಟ್ಟಳು.

ಬೀಗರಿಬ್ಬರೂ ಒಂದೇ ಜಮಖಾನದ ಮೇಲೆ ಕೂತಿದ್ದರು. ಸಾತಲಿಂಗಪ್ಪ ಧೋತರ ಉಟ್ಟಿದ್ದ. ಮೇಡಂಗೆ ಕೊಟ್ಟ ಮಾತಿನಂತೆ ಅವನ ಮೂಗಿನ ಕೆಳಗೆ ಒಂದು ಮೀಸೆ ತಲೆಯೆತ್ತಿತ್ತು. ಪಕ್ಕದಲ್ಲಿ ಪ್ಯಾಂಟು ಹಾಕಿಕೊಂಡ ಯೋಗಿರಾಜರು. ಅವರ ಮುಖದ ಮೇಲಿನ ಆ ದೊಡ್ಡ ಮೀಸೆ ಇರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅಕ್ಕನಾಗಮ್ಮ ಹತ್ತಿರದಲ್ಲೇ ಕೂತಿದ್ದರು.

ಹಾಡು ಮೀಸೆಯ ಸಾಲಿಗೆ ಬಂದಾಗ ಇಬ್ಬರ ಕೈಯೂ ಒಟ್ಟಿಗೇ ಮೂಗಿನ ಕೆಳಗೆ ಹೋಯಿತು. ಯೋಗಿರಾಜರು ಪಕ್ಕಕ್ಕೆ ಬಾಗಿ ಪಿಸುಗುಟ್ಟಿದರು. “ಬೀಗರ, ಕೆರೀತೈತೇನ್ರಿ?”

“ಭಾಳ ಕೆರೀತೈತ್ರಿ,” ಎಂದ ಸಾತಲಿಂಗಪ್ಪ. “ನಿಮಗ?”

“ನನಗ ಥಂಡಿ ಹತ್ತತೈತ್ರಿ,” ಎಂದರು ಯೋಗಿರಾಜರು.